ನಿಮ್ಮ ತಾತಂಗೆ ಹೇಳು

ನಮ್ಮ ಮನೆಯಲ್ಲಿ ಅಮ್ಮ ತಾತನ ಜೊತೆ ಮಾತಾಡುತ್ತಿರಲಿಲ್ಲ. ಜಗಳವೇನೂ ಅಲ್ಲ. ಮಾವನ ಎದುರು ಸೊಸೆ ಬಾಯಿ ಬಿಡಬಾರದು, ಅಷ್ಟೇ. ಕುಂಸಿ ಕಡೆಯ ಹಳ್ಳಿಯಿಂದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬರುವಾಗ ಎಷ್ಟೋ ಸಾಮಾನು ಬಿಟ್ಟು ಬಂದವರು ಈ ಪದ್ಧತಿಯನ್ನು ಮಾತ್ರ ಜೋಪಾನವಾಗಿ ತಂದಿದ್ದರು. ಇದ್ದದ್ದು ಎರಡೇ ಕೋಣೆ. ಅಡುಗೆಮನೆಯಲ್ಲಿ ಅಮ್ಮ ನಿಟ್ಟುಸಿರು ಬಿಟ್ಟರೂ ಹೊರಗೆ ಕೂತ ತಾತನಿಗೆ ಕೇಳಿಸುತ್ತಿತ್ತು. ಆದರೂ ಅಮ್ಮ, "ನಿಮ್ಮ ತಾತಂಗೆ ಹೇಳು, ಊಟಕ್ಕೆ ಬಡಿಸಿದೆ ಅಂತ" ಎನ್ನುವಳು. ನಾನು ನಾಲ್ಕು ಹೆಜ್ಜೆ ನಡೆದು ಹೇಳಬೇಕು. ತಾತ ಅಷ್ಟರಲ್ಲಿ ಎದ್ದಿರುತ್ತಿದ್ದರು. ಆದರೂ ನಾನು ಹೇಳಿ ಮುಗಿಸುವವರೆಗೆ ಕಾದು, "ಬಂದೆ ಅಂತ ಹೇಳು" ಎನ್ನುವರು. ಮಾತು ಕಲಿತಾಗಿನಿಂದ ನನಗೆ ಇದೇ ಉದ್ಯೋಗ.

ಇಂಥ ನಾನು ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡಿದಂತೆ ತಿರುಗಿಸಿ ಬರೆಯುವ ಪ್ರಶ್ನೆ ಬಂದರೆ ನನಗೆ ಕೈಕಾಲೇ ಆಡುತ್ತಿರಲಿಲ್ಲ. ಕನ್ನಡದಲ್ಲಿ ಏನು ಕಷ್ಟ ಹೇಳಿ? ಆಡಿದ ಮಾತನ್ನು ಹಾಗೇ ಎತ್ತಿಟ್ಟು ಕೊನೆಗೊಂದು ‘ಅಂತ’ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನವರಿಗೆ ಅಷ್ಟು ಸಾಲದು. ‘ಆಮ್’ ಇದ್ದದ್ದು ‘ವಾಸ್’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಬರಬೇಕು. ಅದೇನು ಕರ್ಮವೋ!

ಪಕ್ಕದ ಮನೆಯ ತಮಿಳು ಮಾಮಿ ಇಂಟರ್‌ಮೀಡಿಯೇಟ್ ಓದಿದವರು. ಮಧ್ಯಾಹ್ನ ತಮ್ಮ ಮೆಟ್ಟಿಲ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಆಡಿದ ಹೊತ್ತು ಕಳೆದುಹೋಯಿತಲ್ಲ, ಅದಕ್ಕೇ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ ಎಂದರು. ನಮ್ಮ ಮನೆಯ ಸಮಾಚಾರ ಅವರಿಗೆ ಗೊತ್ತಿಲ್ಲದ್ದೇನಲ್ಲ. ದಿನವೂ ನೀನು ಒಳಗಿಂದ ಹೊರಗೆ ಸಾಗಿಸುವ ಮಾತನ್ನೇ ಇಂಗ್ಲಿಷಿನಲ್ಲಿ ಬರೆದು ತಾ, ಒಂದಕ್ಷರವೂ ಹೆಚ್ಚುಕಡಿಮೆ ಆಗಬಾರದು ಎಂದು ನಕ್ಕರು.

ಬರೆಯಲು ಕೂತಾಗಲೇ ನನ್ನ ಕಳ್ಳಾಟ ನನಗೆ ಗೊತ್ತಾದದ್ದು. ನಾನು ಯಾವತ್ತೂ ಮಾತನ್ನು ಇದ್ದಂತೆ ಸಾಗಿಸಿರಲಿಲ್ಲ. ಅಮ್ಮ ಒಳಗೆ, ಈ ನೆಂಟರಿಗೆ ಹೊತ್ತುಗೊತ್ತು ಇಲ್ಲವೇ ಎಂದು ಸಿಡುಕಿದರೆ, ಅಡುಗೆ ಸ್ವಲ್ಪ ತಡವಾಗುತ್ತದಂತೆ ಎಂದು ತಲುಪಿಸುತ್ತಿದ್ದೆ. ಬಿಸಿ ಆರಿಸಿ ಬಡಿಸುವುದು ನನಗೆ ಅಷ್ಟು ರೂಢಿಯಾಗಿತ್ತು.

ಅಷ್ಟರಲ್ಲಿ ತಾತ ಕುಂಸಿ ಕಡೆಯ ಒಂದು ಸಂಬಂಧ ನೋಡಿದರು. ಸೋಮವಾರ ಗಂಡಿನ ಕಡೆಯವರು ಬರುತ್ತಾರೆ, ಡುಮ್ಕಿ ಹೊಡೆದದ್ದು ಸಾಕು ಎಂದುಬಿಟ್ಟರು. ಸೆಪ್ಟೆಂಬರಿನ ಪರೀಕ್ಷೆಯ ಅರ್ಜಿ ನನ್ನ ಪುಸ್ತಕದೊಳಗೆ ಇತ್ತು. ಅಪ್ಪ ಸಹಿ ಹಾಕಬೇಕು, ಅಪ್ಪ ಹಾಕಬೇಕಾದರೆ ತಾತ ಹೂಂ ಅನ್ನಬೇಕು. ಪಾಸಾದರೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗ್ ಸೇರಬೇಕೆಂಬ ಆಸೆಯನ್ನು ನಾನು ಅಮ್ಮನೊಬ್ಬಳಿಗೇ ಹೇಳಿದ್ದೆ.

ಶನಿವಾರ ಬೆಳಿಗ್ಗೆ ತಾತ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತಿದ್ದರು. ಅಮ್ಮ ಒಲೆಯ ಮುಂದಿನಿಂದ ನನ್ನನ್ನು ಕರೆದಳು.

"ನಿಮ್ಮ ತಾತಂಗೆ ಹೇಳು. ಇವಳು ಪರೀಕ್ಷೆಗೆ ಕೂರ್ತಾಳೆ, ಸೋಮವಾರ ಯಾರೂ ಬರೋದು ಬೇಡ ಅಂತ."

ನಾಲ್ಕು ಹೆಜ್ಜೆ ನಡೆಯುವುದರೊಳಗೆ ಹಳೇ ಚಾಳಿ ತಲೆಯೆತ್ತಿತು. ತಾತನಿಗೆ ಬೇಜಾರಿಲ್ಲ ಅಂದರೆ ನನ್ನನ್ನು ಪರೀಕ್ಷೆಗೆ ಕೂರಿಸಬಹುದಾ ಅಂತ ಅಮ್ಮ ಕೇಳುತ್ತಿದ್ದಾಳೆ ಎಂದೆ. ಎರಡನ್ನೂ ಕೇಳಿಸಿಕೊಂಡಿದ್ದ ತಾತ ನನ್ನ ಮುಖವನ್ನೇ ನೋಡಿದರು.

ಬಾಗಿಲಲ್ಲಿ ಬಳೆ ಸದ್ದಾಯಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಸೌಟು, ಅಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ನಾನು ಹಂಗೆ ಕೇಳ್ಲಿಲ್ಲ ಮಾವನೋರೆ. ಕೂರ್ತಾಳೆ ಅಂದೆ. ನನ್ನನ್ನ ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು. ಇವಳನ್ನ ಬಿಡಿಸೋದು ಬೇಡ."

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅಮ್ಮ ಮಾವನಿಗೆ ಆಡಿದ ಮೊದಲ ಮಾತು ಅದು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಹೇಳತೀರದ ಹೆಮ್ಮೆಯೂ ಉಕ್ಕಿತು. ತಾತ ಅಮ್ಮನ ಕಡೆ ತಿರುಗದೆ ನನಗೇ ಹೇಳಿದರು:

"ನಿಮ್ಮಮ್ಮಂಗೆ ಹೇಳು, ಆಗ್ಲಿ ಅಂತ."

ಅಮ್ಮ ಎರಡು ಮಾರು ದೂರದಲ್ಲೇ ಇದ್ದಳು. ಆದರೂ ನಾನು ಪೆದ್ದಿಯಂತೆ ತಿರುಗಿ, ಆಗ್ಲಿ ಅಂತೆ ಅಮ್ಮ ಎಂದೆ. ಈ ಸಲ ಒಂದಕ್ಷರ ಬದಲಿಸಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಸೆಪ್ಟೆಂಬರಿನಲ್ಲಿ ಆ ಪ್ರಶ್ನೆ ಬಂದೇ ಬಂತು. ಬರೆದೆ, ಪಾಸಾದೆ. ಟ್ರೈನಿಂಗಿಗೆ ಸೀಟೂ ಸಿಕ್ಕಿತು. ಶಿವಮೊಗ್ಗಕ್ಕೆ ಹೊರಟ ಬೆಳಿಗ್ಗೆ ಟ್ರಂಕು ಬಾಗಿಲಲ್ಲಿತ್ತು. ರೈಲಿಗೆ ಹೊತ್ತಾಗುತ್ತಿದೆ ಎಂದು ಚಡಪಡಿಸುತ್ತಿದ್ದ ತಾತ ಅಡುಗೆಮನೆಯ ಕಡೆ ಮುಖ ಮಾಡಿದರು.

"ಏನಮ್ಮ, ಹುಡುಗಿಗೆ ಬುತ್ತಿ ಕಟ್ಟಿದ್ಯಾ?"

ಒಳಗೆ ಹೋಗಿ ಹೇಳಲು ನಾನಾಗಲೇ ಒಂದು ಹೆಜ್ಜೆ ಇಟ್ಟಿದ್ದೆ.

"ಕಟ್ಟಿದೀನಿ ಮಾವನೋರೆ," ಎಂದಳು ಅಮ್ಮ.

ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದು ನಾನು ಟ್ರಂಕು ಎತ್ತಿಕೊಂಡೆ.