ರಂಗಲಕ್ಷ್ಮಮ್ಮನ ಐಸ್ ಗಡ್ಡೆ

ರಂಗಲಕ್ಷ್ಮಮ್ಮನಿಗೆ ಅರೆತಲೆನೋವು. ಬಲಗಡೆ ಕಣತಲೆಯಲ್ಲಿ ಶುರುವಾಗಿ ಕಣ್ಣಿನ ಹಿಂದಕ್ಕೆ ಇಳಿಯುತ್ತಿತ್ತು. ಬೆಳಕು ಕಂಡರೆ ವಾಂತಿ. ಅವಳ ಕೆಲಸವೋ ಹಿಂದೂಪುರದ ಒಂದು ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ. ಕುದಿಯುವ ನೀರಿನ ಬಾಣಲಿ, ಬೆಂದ ಹುಳುವಿನ ನಾತ, ಸೌದೆ ಹೊಗೆ. ಗಾಳಿ ಬಂದರೆ ಎಳೆ ಕಡಿಯುತ್ತದೆ ಅಂತ ಯಜಮಾನ ಒಂದು ಕಿಟಕಿಯನ್ನೂ ಇಡಿಸಿರಲಿಲ್ಲ. ಆ ಹಬೆಯಲ್ಲಿ ಕೂತು, ಬೆಂದ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಅವಳಷ್ಟು ಬೇಗ ತುದಿ ಹಿಡಿಯುವ ಕಣ್ಣು ಶೆಡ್ಡಿನಲ್ಲಿ ಇನ್ನೊಬ್ಬರಿಗಿರಲಿಲ್ಲ.

ಮದ್ದು ಸಿಕ್ಕಿದ್ದು ಸೋಡಾ ಅಂಗಡಿ ಬೈರಣ್ಣನಿಂದ. ಒಂದು ಮಧ್ಯಾಹ್ನ ಅವನ ಅಂಗಡಿ ಮುಂದೆಯೇ ತಲೆ ಹಿಡಿದು ಕುಸಿದಳು. ಅವನು ಮರದ ಹೊಟ್ಟಿನಿಂದ ಒಂದು ಗಡ್ಡೆ ಐಸ್ ಎತ್ತಿ ಟವೆಲಿನಲ್ಲಿ ಸುತ್ತಿ ಕೊಟ್ಟ.

"ಇಟ್ಕಳಕ್ಕಾ. ಸೋಡಾನೇ ತಣ್ಣಗಾಯ್ತದೆ, ನಿನ್ ತಲೆ ಆಗಲ್ವಾ?"

ಕಣತಲೆಗೊಂದು ಗಳಿಗೆ, ಕತ್ತಿನ ಹಿಂದಕ್ಕೊಂದು ಗಳಿಗೆ. ಅರ್ಧ ಗಂಟೆಗೆ ಎದ್ದು ಕೂತಳು. ಅಂದಿನಿಂದ ನೋವು ತಲೆ ಎತ್ತಿತು ಅಂದರೆ ಹಳೇ ಸೀರೆ ತುಂಡು ಹಿಡಿದು ಬೈರಣ್ಣನ ಅಂಗಡಿಗೆ ಓಡುವಳು. ರೋಗ ಹೋಗಲಿಲ್ಲ, ಬದುಕು ನಡೆಯಿತು. ಶೆಡ್ಡಿನ ಹೆಂಗಸರು ಐಸಕ್ಕ ಅಂತ ಹೆಸರಿಟ್ಟರು.

"ಐಸಕ್ಕಾ, ಕರಗೋಗ್ಬುಟ್ಟೀಯ, ಒಲೆ ಹತ್ರ ಕೂರ್ಬ್ಯಾಡ!"

"ನಾನು ಕರಗಿದ್ರೆ ನಿಮ್ ಯಜಮಾನನಿಗೆ ಎಳೆ ಯಾರ್ ಹುಡುಕ್ತಾರಲೇ?"

ಎಂಬತ್ತಾರರ ಬೇಸಿಗೆಯಲ್ಲಿ ಮುಷ್ಕರ ಹೂಡಿದೆವು. ಸಂಘದ ಕಾರ್ಯದರ್ಶಿ ನಾನು. ಮೊದಲ ಬೇಡಿಕೆ ಕಿಟಕಿ. ಅದನ್ನು ಬರೆಸಿದವಳು ರಂಗಲಕ್ಷ್ಮಮ್ಮ. ಯಜಮಾನನಿಗೆ ಒಂದು ಐಸ್ ಫ್ಯಾಕ್ಟರಿಯೂ ಇತ್ತು. ನಮ್ಮ ಬೀದಿಗಳಿಗೆಲ್ಲ ಅಲ್ಲಿಂದಲೇ ಐಸ್. ಬೇಸಿಗೆಯಲ್ಲಿ ಅದಕ್ಕೆ ಏಟು ಬಿದ್ದರೆ ಮಣಿಯುತ್ತಾನೆ ಅಂತ ಶೆಡ್ಡಿನ ಮುಂದೆ ಕರ್ಪೂರ ಹಚ್ಚಿ ಎಲ್ಲರಿಂದ ಆಣೆ ಮಾಡಿಸಿದೆ: ಐಸ್ ಮುಟ್ಟುವುದಿಲ್ಲ. ಯಾರ ಐಸ್ ಅಂತ ಹೇಳಿಸಲಿಲ್ಲ. ಕರ್ಪೂರದ ಆಣೆ ನಮ್ಮ ಕಡೆ ಸುಮ್ಮನೆ ಬಿಡುವುದಲ್ಲ; ಮಾಡಿಸಿದವನೇ ಮತ್ತೆ ಕರ್ಪೂರ ಹಚ್ಚಿ, ಆಣೆ ಇಟ್ಟವರ ಎದುರಿಗೇ ಬಿಡಿಸಬೇಕು. ರಂಗಲಕ್ಷ್ಮಮ್ಮ ಎಲ್ಲರಿಗಿಂತ ಮೊದಲು ಕೈ ಚಾಚಿದಳು.

ಹದಿನೆಂಟನೇ ದಿನ ಅವಳ ಅಕ್ಕ ಪಾಪಕ್ಕ ನನ್ನ ಹತ್ತಿರ ಬಂದಳು.

"ಅಣ್ಣಾ, ಎರಡು ದಿನದಿಂದ ಗೋಡೆಗೆ ತಲೆ ಚಚ್ಚಿಕೊಳ್ತಾವ್ಳೆ. ಬೈರಣ್ಣ ಐಸ್ ತಂದ್ರೂ ಒಲ್ಲೆ ಅಂತಾಳೆ. ಅವಳೊಬ್ಬಳಿಗೆ ಆಣೆ ಬಿಡ್ಸಣ್ಣಾ."

"ಒಬ್ಬಳಿಗೆ ಬಿಡಿಸಿದ್ರೆ ನಾಳೆ ನಲವತ್ತು ಜನ ಬತ್ತಾರೆ ಪಾಪಕ್ಕ. ಇನ್ನೆರಡು ದಿನ ತಡ್ಕೊಳ್ಳೋಕೆ ಹೇಳು."

"ತಲೆ ನಿಂದಲ್ವಲ್ಲಣ್ಣಾ," ಅಂದು ಹೋದಳು.

ಒದ್ದೆ ಬಟ್ಟೆ ಕಟ್ಟಿದರು. ಆ ಬಿಸಿಲಿಗೆ ಮಡಕೆ ನೀರೂ ಬೆಚ್ಚಗಿತ್ತು. ಮಾರನೆಯ ದಿನ ಗಂಡ ನರಸಿಂಹಪ್ಪ ಅವಳನ್ನು ಕಲ್ಯಾಣದುರ್ಗದ ಪಕ್ಕದ ತನ್ನ ಊರಿಗೆ ಕರೆದೊಯ್ದ. ಅಲ್ಲಿ ಅರೆತಲೆನೋವಿಗೆ ಬರೆ ಹಾಕುವವನೊಬ್ಬನಿದ್ದ. ಸಲಾಕೆ ಕಾಯಿಸಿ ಬಲಹುಬ್ಬಿನ ಮೇಲೆ ಎಳೆದ. ಅವಳು ಕೊಸರಿದಳು; ಸಲಾಕೆ ರೆಪ್ಪೆಗೆ ಜಾರಿತು. ಗಾಯ ಕೀವಾಯಿತು. ಅನಂತಪುರದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕಣ್ಣು ಹೋಗಿತ್ತು.

ಇಪ್ಪತ್ತಾರನೇ ದಿನ ಯಜಮಾನ ಮಣಿದ. ಶೆಡ್ಡಿಗೆ ನಾಲ್ಕು ಕಿಟಕಿ ಬಂದವು. ಕರ್ಪೂರ ಹಚ್ಚಿ ಬಂದವರೆಲ್ಲರ ಆಣೆ ಬಿಡಿಸಿದೆ, ಸೋಡಾ ಕುಡಿದು ಕುಣಿದೆವು. ರಂಗಲಕ್ಷ್ಮಮ್ಮ ಅಲ್ಲಿರಲಿಲ್ಲ. ಆಮೇಲೊಮ್ಮೆ ಕೆಲಸಕ್ಕೆ ಬಂದು ಬಾಣಲಿ ಮುಂದೆ ಕೂತಳಂತೆ. ಒಂಟಿ ಕಣ್ಣಿಗೆ ಎಳೆ ಸಿಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ಹೋದಳು ಅಂತ ಪಾಪಕ್ಕ ಹೇಳಿದಳು. ನಾನು ಆಗಲೇ ಇನ್ನೊಂದು ಶೆಡ್ಡಿನ ಜಗಳದಲ್ಲಿದ್ದೆ.

ಅವಳ ಗಂಡನ ಊರಿಗೆ ನಾನು ಅವಳನ್ನು ನೋಡಲು ಹೋದದ್ದು ಎಂಟು ತಿಂಗಳ ಮೇಲೆ. ಬೈರಣ್ಣ ಮರದ ಹೊಟ್ಟು ತುಂಬಿದ ಡಬ್ಬದಲ್ಲಿ ಐಸ್ ಗಡ್ಡೆ ಇಟ್ಟು ಕೊಟ್ಟಿದ್ದ. ಬಸ್ಸು ಇಳಿಯುವಷ್ಟರಲ್ಲಿ ಹಿಡಿಯಷ್ಟು ಉಳಿದಿತ್ತು. ಅವಳು ಬಾಗಿಲಲ್ಲಿ ಕೂತು ಬೀಜದ ಕಡಲೆಕಾಯಿ ಸುಲಿಯುತ್ತಿದ್ದಳು. ತಲೆಗೆ ಬಟ್ಟೆ ಕಟ್ಟಿತ್ತು.

"ಬಾರಣ್ಣಾ. ಕಿಟಕೀಲಿ ಗಾಳಿ ಬತ್ತದಾ?"

"ಬತ್ತದೆ ಕಣಮ್ಮ."

"ಎಳೆ ಕಡಿತದಾ?"

"ಇಲ್ಲ."

"ನಾನ್ ಹೇಳಿರಲಿಲ್ವಾ?"

"ನೋವು?"

"ಅದೆಲ್ಲಿ ಹೋಯ್ತದೆ? ಕಣ್ಣು ಹೋದ್ರೂ ಅದು ಹೋಗಲಿಲ್ಲ."

ಡಬ್ಬ ಬಿಚ್ಚಿ ಮುಂದಿಟ್ಟೆ. ಅವಳು ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು.

"ನಂದು ಆಣೆ ಇನ್ನೂ ಬಿಟ್ಟಿಲ್ವಲ್ಲಣ್ಣಾ. ನೀನು ಬತ್ತೀಯ ಅಂತ ಕಾದೆ."

ಎಂಟು ತಿಂಗಳು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಐಸ್ ಮಾರುತ್ತಾರೆ, ನಾನೇ ಕಣ್ಣಾರೆ ನೋಡಿಕೊಂಡು ಬಂದಿದ್ದೆ. ಅವಳಿಗೆ ಏನು ಹೇಳಲಿ? ಅದೆಲ್ಲ ಬರೀ ಮಾತು, ಮುಟ್ಟು ಅನ್ನಲೇ? ಕಣ್ಣು ಕೊಟ್ಟು ಉಳಿಸಿಕೊಂಡ ಆಣೆಯನ್ನು ಬರೀ ಮಾತು ಅನ್ನುವಷ್ಟು ನಾಚಿಕೆಗೆಟ್ಟವನಾಗಲು ನನ್ನಿಂದಾಗಲಿಲ್ಲ.

ಅಂಗಡಿ ಊರ ಆಚೆ ತುದಿಯಲ್ಲಿ. ಓಡಿದೆ. ಕರ್ಪೂರ ತಂದು ಹೊಸಿಲ ಮೇಲೆ ಹಚ್ಚಿ, "ಬಿಡ್ತು ಕಣಮ್ಮ," ಅಂದೆ. ಅವಳು ಉರಿಯ ಮೇಲೆ ಕೈ ಆಡಿಸಿ ಕಣ್ಣಿಗೊತ್ತಿಕೊಂಡಳು, ಎರಡು ಕಣ್ಣಿಗೂ. ಆಮೇಲೆ ಡಬ್ಬದೊಳಗೆ ಕೈ ಹಾಕಿದಳು. ಒದ್ದೆ ಹೊಟ್ಟು ಮಾತ್ರ ಇತ್ತು.

"ಇನ್ನೂ ತಣ್ಣಗೈತೆ ಬಿಡಣ್ಣಾ," ಅಂದು, ಆ ಹೊಟ್ಟನ್ನೇ ಬಟ್ಟೆಗೆ ಸುತ್ತಿ ತಲೆಗೆ ಕಟ್ಟಿಕೊಂಡಳು.