ಮಡಕೆಯೊಳಗಿನ ಚಿಕ್ಕುಹಣ್ಣು

ಅಲೆವೂರಿನ ಆ ಮನೆಯಲ್ಲಿ ಹೆಂಗಸೊಬ್ಬಳು ಹಗಲು ಹೊತ್ತು ಮಲಗಿದ್ದನ್ನು ಸುಭಾಷಿಣಿ ನೋಡಿದ್ದು ಒಂದೇ ಸಲ, ಓರಗಿತ್ತಿ ನರ್ಮದಾ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು ಬಂದಾಗ. ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆ; ಏಳಬಾರದೆಂದು ಡಾಕ್ಟರರ ಅಪ್ಪಣೆ. ಅತ್ತೆ ಶ್ರೀಮತಿಯಮ್ಮ ತಾವೇ ಗಂಜಿ ಒಯ್ದು ಕೊಟ್ಟಿದ್ದರು. ಆಗ ಇಬ್ಬರ ಕೆಲಸವನ್ನೂ ಹೊತ್ತ ಸುಭಾಷಿಣಿ, ಎರಡನೇ ಮಗುವಾದ ಮೇಲೆ ತನ್ನ ಸರದಿಗೆ ಕಾದಳು. ಯಾರಿಗೂ ಹೇಳಿರಲಿಲ್ಲ, ಅವಳಿಗೆ ಬೇಕಾಗಿದ್ದದ್ದು ಆ ಗಾಯ.

ಎಂಬತ್ತಾರನೇ ಇಸವಿ. ಗಂಡ ದಾಮೋದರನಿಗೆ ಯಂತ್ರದ ಕೈಯ ಹುಚ್ಚು ಹಿಡಿದಿತ್ತು. ಅವನು ಮಣಿಪಾಲದ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್. ಹೊಟ್ಟೆ ಕುಯ್ಯದೆ, ಸಣ್ಣ ತೂತಿನಿಂದ ದುರ್ಬೀನು ತೂರಿಸಿ ಆಪರೇಷನ್ ಮಾಡುವ ಡಾಕ್ಟರರೊಬ್ಬರು ಕಾರ್ಕಳದಲ್ಲಿದ್ದರು. ಒಳಗಿನ ಕರುಳನ್ನು ಬದಿಗೆ ಸರಿಸಿ ಹಿಡಿಯಲು ದಣಿಯದ, ನಡುಗದ ಕೈಯೊಂದು ಅವರಿಗೆ ಬೇಕಿತ್ತು. ದಾಮೋದರ ಮೋಟಾರಿಗೆ ಉಕ್ಕಿನ ಸರಳು ಜೋಡಿಸಿದ. ಮೇಜಿನ ಈ ತುದಿಯಲ್ಲಿ ಹಿಡಿ ತಿರುಗಿಸಿದರೆ ಆ ತುದಿಯಲ್ಲಿ ಇಕ್ಕುಳ ಆಡುತ್ತಿತ್ತು.

ಅಭ್ಯಾಸ ಮನೆಯ ಜಗಲಿಯಲ್ಲಿ. ತೂತು ಕೊರೆದ ಮಡಕೆಯೊಳಗೆ ಕಳಿತ ಚಿಕ್ಕುಹಣ್ಣು, ಅದರ ಅಡಿಯಲ್ಲಿ ಅಂಗಿಯ ಗುಂಡಿ. ಹಣ್ಣು ಸರಿಸಿ ಗುಂಡಿ ಎತ್ತಬೇಕು. ಗುಂಡಿ ಹೊರಗೆ ಬಂದಾಗಲೆಲ್ಲ ನೆರೆಯವರು ಚಪ್ಪಾಳೆ ತಟ್ಟುತ್ತಿದ್ದರು. ಮಡಕೆ ತೊಳೆಯುವವಳು ಸುಭಾಷಿಣಿ. ಅದರೊಳಗೆ ನೋಡುತ್ತಿದ್ದವಳೂ ಅವಳೊಬ್ಬಳೇ.

"ಇಲ್ಲಿ ನೋಡಿ, ಇವತ್ತೂ ಹಣ್ಣು ಒಡೆದಿದೆ."

"ಗುಂಡಿ ಬಂತಲ್ಲ?"

"ಒಡೆದದ್ದು ನಿಮಗೆ ಗೊತ್ತಾಗ್ಲಿಲ್ವಾ?"

"ಸರಳಿಗೆ ಎಂತ ಗೊತ್ತಾಗ್ತದೆ ಮಾರಾಯ್ತಿ? ಹಣ್ಣು ಬೇರೆ, ಹೊಟ್ಟೆ ಬೇರೆ."

ಅವಳು ಸಿಪ್ಪೆ ಎಸೆದು ಮಡಕೆಯನ್ನು ಬೋರಲು ಹಾಕಿದಳು.

ದುರ್ಬೀನಿನದಾದರೆ ಬೆಳಿಗ್ಗೆ ಆಪರೇಷನ್, ಸಂಜೆ ಮನೆ ಎಂದು ತಿಳಿದದ್ದೇ ಅತ್ತೆಯ ಮುಖ ಅರಳಿತು. "ಹಾಗಾದ್ರೆ ಅಷ್ಟಮಿಗೆ ಮೊದಲೇ ಇವಳಿಗೆ ಮಾಡಿಸು ದಾಮು. ಬಂದು ಉಂಡೆ ಕಟ್ಟಬಹುದು."

"ನನಗೆ ನರ್ಮದಕ್ಕನ ಹಾಗೆ ಕುಯ್ದೇ ಮಾಡ್ಲಿ," ಎಂದಳು ಸುಭಾಷಿಣಿ.

ದಾಮೋದರ ನಕ್ಕುಬಿಟ್ಟ. "ಊರಿನವರೆಲ್ಲ ಗಾಯ ಬೇಡ ಅಂತಾರೆ, ಇವಳಿಗೆ ಗಾಯದ ಆಸೆ! ನನ್ನ ಕೈಯೇ ಹಿಡಿಯುವುದು ಸುಭಾ, ಹೆದರಬೇಡ."

ಅವನು ಹೇಳಿದ ಹಾಗೆಯೇ ಆಯಿತು; ಹಿಡಿ ತಿರುಗಿಸಿದ್ದೂ ದಾಮೋದರನೇ. ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಒಳಗೆ ಗಾಳಿ ತುಂಬಿಸಿದರೆ ಹಾಗೆಯೇ, ಹೋಗುತ್ತದೆ ಎಂದು ನರ್ಸ್ ಹೇಳಿದ್ದಳು. ಮನೆಯಲ್ಲಿ ಅತ್ತೆ ಮಾತ್ರ ಸೊಸೆಯ ಹೊಕ್ಕುಳ ಬಳಿಯ ಪಟ್ಟಿಗಳನ್ನು ನೋಡಿ, "ಇಷ್ಟೇ? ತರಕಾರಿ ಹೆಚ್ಚುವಾಗ ಇದಕ್ಕಿಂತ ದೊಡ್ಡದು ಆಗ್ತದೆ. ಆಪರೇಷನ್ ಹೊಟ್ಟೆಗೆ, ನೋವು ಭುಜಕ್ಕಾ? ಚಂದ ಉಂಟು ನಾಟಕ!" ಎಂದರು.

ಮರುದಿನ ಅಷ್ಟಮಿಯ ಅಡುಗೆಗೆ ಉದ್ದಿನಬೇಳೆ ನೆನೆದಿತ್ತು. ಸುಭಾಷಿಣಿ ಅರೆಯುವ ಕಲ್ಲಿನ ಮುಂದೆ ಕೂತಳು. ಗುಂಡುಕಲ್ಲು ತಿರುಗಿದಂತೆಲ್ಲ ಒಳಗೆ ಏನೋ ಒಸರಿದಂತಾಗುತ್ತಿತ್ತು. ಭುಜದ ನೋವು ಇಳಿದು ಹೊಟ್ಟೆಯ ನೋವು ಹತ್ತಿತು. ಮೈ ಸುಡುತ್ತಿತ್ತು. ಎರಡು ಸಲ ವಾಂತಿಯಾಯಿತು. ನರ್ಮದಾ ಅವಳ ಕೈಯಿಂದ ಗುಂಡುಕಲ್ಲು ತೆಗೆದುಕೊಂಡಳು. "ಏಳು ತಂಗಿ, ಒಳಗೆ ಹೋಗಿ ಮಲಗು," ಎಂದಳು. ಏಳಲಾಗಲಿಲ್ಲ. ಸುಭಾಷಿಣಿ ಅಡುಗೆಮನೆಯ ನೆಲದ ಮೇಲೆಯೇ, ಹಿಟ್ಟು ಮೆತ್ತಿದ ಕೈಯಲ್ಲೇ ಒರಗಿದಳು.

"ಎಂತ, ಹಬ್ಬದ ದಿನ ನೆಲದಲ್ಲಿ?" ಅತ್ತೆ ಗದರುತ್ತಿದ್ದಾಗಲೇ ದಾಮೋದರ ಮಧ್ಯಾಹ್ನದ ಊಟಕ್ಕೆ ಬಂದ. ಯಂತ್ರದ ಕೈ ಒಂಚೂರೂ ಜಾರಲಿಲ್ಲವೆಂದು ಡಾಕ್ಟರರು ಹೊಗಳಿದ್ದನ್ನು ಹೇಳುತ್ತಲೇ ಒಳಗೆ ಬಂದವನು ಮಂಡಿಯೂರಿ ಪಟ್ಟಿ ಸರಿಸಿ ನೋಡಿದ. ಒಣಗಿತ್ತು. ಕೆಂಪೂ ಇಲ್ಲ, ಊತವೂ ಇಲ್ಲ.

"ಇಲ್ಲಿ ಏನೂ ಇಲ್ಲವಲ್ಲ ಸುಭಾ?"

ಅವಳು ಅವನ ಅಂಗೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಇಷ್ಟು ದಿನ ಹಿಡಿಯನ್ನಷ್ಟೇ ತಿರುಗಿಸಿದ ಆ ಕೈಗೆ, ಸರಳಿಗೆ ಗೊತ್ತಾಗದ್ದು ಗೊತ್ತಾಯಿತು.

"ಮಡಕೆಯ ಹೊರಗೆ ಯಾವತ್ತೂ ಏನೂ ಇರ್ಲಿಲ್ಲ," ಎಂದಳು ಅವಳು. "ಕಾರು ತನ್ನಿ. ಈ ಸಲ ದೊಡ್ಡದಾಗಿಯೇ ಕುಯ್ಯಲಿ. ಎಲ್ಲರಿಗೂ ಕಾಣಲಿ."