ಮುನಿರಾಜಣ್ಣನ ಸರದಿ

ಆ ಭಾನುವಾರ ಮುನಿರಾಜಣ್ಣ ಬೆಳಗ್ಗೆ ಎದ್ದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

ಸಿಟ್ಟಿಗಲ್ಲ. ವ್ರತಕ್ಕೂ ಅಲ್ಲ. ಕಾಫಿ ಬೇಕೆಂದರೆ ಲೋಟ ತೋರಿಸುತ್ತಿದ್ದರು. ಪೇಪರ್ ಬೇಕೆಂದರೆ ಗಾಳಿಯಲ್ಲಿ ಹಾಳೆ ತಿರುವುತ್ತಿದ್ದರು. (ಹೆಂಡತಿ ಸರೋಜಕ್ಕ, 'ಮದ್ವೆ ಆದಾಗಿಂದ ಹಿಂಗೇ ಇದ್ದಿದ್ರೆ ಎಷ್ಟು ನೆಮ್ಮದಿಯಾಗಿರ್ತಿತ್ತು' ಎಂದು ತಮಾಷೆ ಮಾಡಿದರಂತೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತರಂತೆ.) ಮಧ್ಯಾಹ್ನ ಮುನಿರಾಜಣ್ಣ ಒಂದು ಹಾಡು ಹಾಡಬೇಕಿತ್ತು. ಅದಕ್ಕೆ ದನಿ ಉಳಿಸಿಕೊಳ್ಳುತ್ತಿದ್ದರು.

ಬುಧವಾರ ಅವರ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದರು. ಆಗಲೇ ದನಿ ಒಡೆದುಹೋಗಿತ್ತು. ನಾಲ್ಕು ಮಾತಾಡಿದರೆ ಬರೀ ಗಾಳಿ. ಅರ್ಧ ದಿನ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹಾಡಿಗೆ ಆಗುವಷ್ಟು ಕೂಡಿಬರುತ್ತಿತ್ತು.

ಮುನಿರಾಜಣ್ಣ ದೇವನಹಳ್ಳಿಯಲ್ಲಿ ನಮ್ಮ ಎದುರುಮನೆಯವರು. ಏರ್‌ಪೋರ್ಟ್ ಬಂದ ಕಾಲದಲ್ಲಿ ಹಳ್ಳಿ ಬಿಟ್ಟು ನಮ್ಮ ಬೀದಿಗೆ ಬಂದವರು. ಹಳ್ಳಿಯಲ್ಲಿದ್ದಾಗ ಶನಿವಾರದ ಭಜನೆಗೆ ಹಾರ್ಮೋನಿಯಂ ಅವರದೇ, ಮುಖ್ಯ ದನಿಯೂ ಅವರದೇ. ತಮ್ಮ ಮದುವೆಯ ದಿನ ಬೀಗರೆಲ್ಲ ಒತ್ತಾಯ ಮಾಡಿದಾಗ ಒಂದು ಚಿತ್ರಗೀತೆ ಹಾಡಿದ್ದರಂತೆ. ಸರೋಜಕ್ಕನಿಗೆ ಬೇಕಾಗಿದ್ದು ಆ ಹಾಡೇ.

'ಫೋನಲ್ಲಿ ಒಂದ್ಸಲ ತುಂಬಿಸ್ಕೊಂಡ್ಬಿಡ್ತೀನಿ ಕಣಮ್ಮ. ಆಮೇಲೆ ಕೇಳ್ಬೇಕು ಅನ್ಸಿದ್ರೆ ಎಲ್ಲಿಂದ ತರ್ಲಿ?' ಎಂದು ನಮ್ಮ ಗೇಟಿನ ಹತ್ತಿರ ನಿಂತು ಕೇಳಿದ್ದರು.

ಮನೆಯಲ್ಲೇ ಹಾಡಿಸಬಹುದಿತ್ತಲ್ಲ? ನಾನೂ ಅದನ್ನೇ ಕೇಳಿದೆ. ಮುನಿರಾಜಣ್ಣ ಒಪ್ಪಲಿಲ್ಲ. 'ಗೋಡೆ ನೋಡ್ಕೊಂಡು ಏನಂತ ಹಾಡ್ಲಿ? ಎದುರಿಗೆ ನಾಕು ಜನ ಬೇಕು, ಹಿಂದೆ ಮ್ಯೂಸಿಕ್ ಬೇಕು. ಇಲ್ದಿದ್ರೆ ದನಿ ಏಳಲ್ಲ ಕಣಮ್ಮ' ಎಂದರು. ಹಾಡುವವರ ಸಂಕಟ ಹಾಡುವವರಿಗೇ ಗೊತ್ತು. ನಾನು ತಕ್ಷಣ, 'ಹಾಗಾದ್ರೆ ಭಾನುವಾರ ಕರೋಕೆಗೆ ಬನ್ನಿ' ಎಂದುಬಿಟ್ಟೆ.

ಏರ್‌ಪೋರ್ಟ್ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್ ಇದೆ. ಎಡಗಡೆ ಬಾರ್, ಬಲಗಡೆ ಫ್ಯಾಮಿಲಿ, ನಡುವೆ ಮೈಕು. ಭಾನುವಾರ ಊಟದ ಹೊತ್ತಿಗೆ ಶುರುವಾಗುವ ಕರೋಕೆ ಸಂಜೆ ಕ್ರಿಕೆಟ್ ಮ್ಯಾಚಿಗೆ ಸ್ಕ್ರೀನ್ ಬಿಟ್ಟುಕೊಡುವವರೆಗೆ ನಡೆಯುತ್ತದೆ. ನಾನೂ ನಮ್ಮ ಯಜಮಾನರೂ ಅಲ್ಲಿ ರೆಗ್ಯುಲರ್. (ಹುಬ್ಬೇರಿಸಬೇಡಿ. ನನ್ನದು ನಿಂಬೆ ಸೋಡಾ, ಅವರದು ಬಿಯರು. ನಾನು ಶ್ರುತಿ ಹಿಡಿದು ಹಾಡುತ್ತೇನೆ, ಅವರು ಧೈರ್ಯ ಹಿಡಿದು ಹಾಡುತ್ತಾರೆ.)

ಅಲ್ಲೊಂದು ರೂಲ್ ಇದೆ. ಮೊದಲ ರೌಂಡ್ ರೆಗ್ಯುಲರ್‌ಗಳದ್ದು, ಆಮೇಲೆ ಹೊಸಬರದ್ದು.

ಅನ್ಯಾಯ ಅನ್ನಿಸಿತೆ? ಮೊದಲು ಹೀಗಿರಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಹಾಡಬಹುದಿತ್ತು. ಆಗ ಏನಾಗುತ್ತಿತ್ತು? ಫ್ಲೈಟ್ ಲೇಟಾದ ಗುಂಪೊಂದು ನುಗ್ಗಿ ಮೈಕು ಹಿಡಿದರೆ ಬಿಡುತ್ತಲೇ ಇರಲಿಲ್ಲ. ವಾರವಿಡೀ ಕ್ಯಾಬ್ ಓಡಿಸಿ, ಒಂದೇ ಒಂದು ಹಾಡಿಗೆಂದು ಇಸ್ತ್ರಿ ಶರ್ಟು ಹಾಕಿಕೊಂಡು ಬರುವವರು ಚಪ್ಪಾಳೆ ತಟ್ಟಿ ತಟ್ಟಿ ಎದ್ದುಹೋಗುತ್ತಿದ್ದರು. ನಾವೆಲ್ಲ ಸೇರಿ ಜಗಳವಾಡಿ ಮಾಡಿಸಿದ ರೂಲ್ ಇದು. ವಾರವಾರವೂ ಬರುವವರಿಗೆ ಒಂದು ಮರ್ಯಾದೆ ಬೇಡವೆ? ಬೇಕು. ಇಷ್ಟೆಲ್ಲ ಆದ ಮೇಲೂ ನನ್ನ ಮಾತು ಅದೇ.

ಭಾನುವಾರ ನಮ್ಮ ಕಾರಿನಲ್ಲೇ ನಾಲ್ವರೂ ಹೋದೆವು. ಪಾರ್ಕಿಂಗಿನ ಮೂಲೆಯಲ್ಲಿ ಒಂದು ಚಕ್ಕೋತದ ಮರವಿದೆ. ನಾನು ಎಷ್ಟೋ ಸಲ ಅದರ ನೆರಳಿಗೆಂದೇ ಕಾರು ನಿಲ್ಲಿಸಲು ಹೇಳಿದ್ದೇನೆ. ಮುನಿರಾಜಣ್ಣ ಕಾರಿಳಿದವರೇ ಸೀದಾ ಅಲ್ಲಿಗೆ ಹೋಗಿ ಮರದ ಮೈ ಸವರಿದರು.

'ಇದು ನಮ್ಮ ತೋಟ ಕಣಮ್ಮ' ಎಂದರು ಸರೋಜಕ್ಕ. 'ಮಾರಿದ್ಮೇಲೆ ಈ ಕಡೆ ಬಂದೇ ಇರ್ಲಿಲ್ಲ. ಅಗೋ, ಆ ಬಾಗ್ಲೈತಲ್ಲ, ಅಲ್ಲಿ ಪಂಪ್‌ಸೆಟ್ ಮನೆ ಇತ್ತು. ನೀರು ಬಿಟ್ಕೊಂಡು ಹಾಡ್ತಾ ಕೂತಿರೋರು.'

ನನಗೆ ಗೊತ್ತಿರಲಿಲ್ಲ. ಬೇರೆ ಜಾಗಕ್ಕೆ ಹೋಗೋಣವೆ ಎಂದು ಕೇಳಿದೆ. ಮುನಿರಾಜಣ್ಣ ಬೇಡವೆಂದು ಕೈಯಾಡಿಸಿ, ಮದುವೆಮನೆಗೆ ಕರೆದೊಯ್ಯುವವರ ಹಾಗೆ ನಮ್ಮನ್ನೇ ಮುಂದೆ ಬಿಟ್ಟುಕೊಂಡು ಒಳಗೆ ನಡೆದರು.

ಆಪರೇಷನ್ ವಿಷಯ ಅಲ್ಲಿ ಯಾರಿಗೂ ಹೇಳಕೂಡದು ಎಂದು ಸರೋಜಕ್ಕ ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದರು. 'ಅಯ್ಯೋ ಪಾಪ ಅಂತ ಚಪ್ಪಾಳೆ ತಟ್ಬಾರ್ದು' ಎನ್ನುವುದು ಅವರ ಹಟ. ಹಾಗಾಗಿ ಮೈಕು ನೋಡಿಕೊಳ್ಳುವ ಮ್ಯಾನೇಜರ್ ಅನ್ವರ್‌ಗೆ ನಾನು ಹಾಡಿನ ಹೆಸರು ಮಾತ್ರ ಹೇಳಿದೆ.

'ಟ್ರ್ಯಾಕ್ ಇದೆ ಆಂಟಿ. ಆದ್ರೆ ಅಂಕಲ್ ಹೊಸಬ್ರಲ್ವಾ? ಸೆಕೆಂಡ್ ರೌಂಡಲ್ಲಿ ಫಸ್ಟ್ ಅವ್ರನ್ನೇ ಕರೀತೀನಿ' ಎಂದ.

ಹೊಸಬರು! ತಾವೇ ನೆಟ್ಟ ಮರ ಹೊರಗೆ ನಿಂತಿದೆ, ಒಳಗೆ ಅವರು ಹೊಸಬರು. ಆದರೆ ಅನ್ವರ್ ಹೇಳಿದ್ದರಲ್ಲಿ ತಪ್ಪೇನಿದೆ? ರೂಲ್ ಪ್ರಕಾರ ಅವರು ಹೊಸಬರೇ.

ಮೊದಲ ರೌಂಡ್ ನಡೆಯಿತು. ನನ್ನ ಸರದಿ ಬಂದಾಗ ನೀವು ಹಾಡಿ ಎಂದು ಮುನಿರಾಜಣ್ಣನಿಗೆ ಮೈಕು ಚಾಚಿದೆ. ತಲೆಯಾಡಿಸಿ ನನ್ನ ಕೈಯನ್ನು ನನ್ನ ಕಡೆಗೇ ತಳ್ಳಿದರು. ಹಾಡಿದೆ. ಏನು ಹಾಡಿದೆನೋ!

ಎರಡನೇ ರೌಂಡ್. ಅನ್ವರ್ ಕೊಟ್ಟ ಮಾತಿನಂತೆ ಮೊದಲು ಮುನಿರಾಜಣ್ಣನನ್ನೇ ಕರೆದ. ಸರೋಜಕ್ಕ ಫೋನಿನ ಬಟನ್ ಒತ್ತಿ ಎರಡೂ ಕೈಯಲ್ಲಿ ಹಿಡಿದು ಕೂತರು. ಮುನಿರಾಜಣ್ಣ ಎದ್ದು ಶರ್ಟು ಎಳೆದುಕೊಂಡು ಮೈಕಿನ ಹತ್ತಿರ ಹೋಗಿ ಸುತ್ತ ನೋಡಿದರು. ಪಕ್ಕದ ಟೇಬಲಿನಲ್ಲಿ ಏರ್‌ಪೋರ್ಟ್ ಯೂನಿಫಾರ್ಮಿನ ಹುಡುಗಿಯರು ಹಾಡಲು ತಯಾರಾಗಿ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು.

'ಯಾವೂರಪ್ಪ ಈ ಮಕ್ಳು?'

ದಿನದ ಮೊದಲ ಮಾತು ಅದು.

'ಅಸ್ಸಾಮ್ ಕಡೆಯೋರು ಅಂಕಲ್. ಇಲ್ಲಿಗೆ ಫಸ್ಟ್ ಟೈಮ್.'

'ಅಷ್ಟ್ ದೂರದಿಂದ ಬಂದವ್ರೆ. ಮೊದ್ಲು ಅವ್ರು ಹಾಡ್ಲಿ ಬಿಡಪ್ಪ. ನಾವ್ ಮನೆಯೋರು, ಆಮೇಲ್ ಹಾಡಿದ್ರಾಯ್ತು.'

ಅವರ ಭಜನೆಯ ಪದ್ಧತಿ ಅದು. ಹಳ್ಳಿಯ ರಾಮಮಂದಿರಕ್ಕೆ ಹೊರಗಿನವರು ಯಾರೇ ಬರಲಿ, ನೆಂಟರು, ಸೀರೆ ಮಾರುವವರು, ಊರಲ್ಲಿ ಉಳಿದುಕೊಂಡ ಬಸ್ ಕಂಡಕ್ಟರು, ಮೊದಲ ಹಾಡು ಅವರದು. ಊರಿನವರು ಆಮೇಲೆ. ಹಾರ್ಮೋನಿಯಂ ಮುಂದೆ ಕೂತ ಮುನಿರಾಜಣ್ಣ ಎಲ್ಲರಿಗಿಂತ ಕೊನೆಗೆ, ಮಂಗಳಕ್ಕೆ. ಅದನ್ನು ಅವರು ಇಲ್ಲಿಗೂ ತಂದಿದ್ದರು. ಅವರ ಪಾಲಿಗೆ ಇದು ಇನ್ನೂ ಅವರದೇ ತೋಟ ತಾನೆ?

ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹುಡುಗಿಯರ ಹಾಡು ಮುಗಿಯಿತು. ಫ್ಲೈಟಿಗೆ ಹೊತ್ತಾಗುತ್ತಿದ್ದ ಒಬ್ಬ ತಮಿಳು ಯಜಮಾನರಿಗೆ ಮುನಿರಾಜಣ್ಣ ತಾವೇ ಎದ್ದು ಕುರ್ಚಿ ಎಳೆದುಕೊಟ್ಟು, ಹೋಗಿ ಹಾಡಿ ಎಂದರು. ಆಮೇಲೆ ಟೇಬಲಿಂದ ಟೇಬಲಿಗೆ ಹೋಗಿ, 'ಊಟ ಆಯ್ತಾ? ಏನಾರ ಬೇಕಾ? ನೀವೂ ಒಂದ್ ಹಾಡ್ರಪ್ಪ' ಎಂದು ಉಪಚಾರಕ್ಕೆ ನಿಂತರು. ಬೆಳಗ್ಗೆಯಿಂದ ಕೂಡಿಟ್ಟ ದನಿ ಅಲ್ಲಿ ಊಟ ಆಯ್ತಾ ಎಂದು ಕೇಳುವುದರಲ್ಲಿ ಖರ್ಚಾಗುತ್ತಿತ್ತು.

ನಾನು ತಡೆಯಲಾರದೆ ಹೋಗಿ ತೋಳು ಹಿಡಿದೆ. 'ಅಣ್ಣ, ಸುಮ್ನಿರಿ. ದನಿ ಹೋಗ್ಬಿಡುತ್ತೆ.'

'ಇನ್ನೊಬ್ರು ಅವ್ರೆ ಅಷ್ಟೆ ಕಣಮ್ಮ' ಎಂದರು. ಅಷ್ಟು ಹೇಳುವುದರಲ್ಲೇ ಕೊನೆಯ ಪದ ಗಾಳಿಯಾಗಿತ್ತು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಸರೋಜಕ್ಕ ಮಾತ್ರ ಫೋನು ಇಳಿಸದೆ ಕೂತೇ ಇದ್ದರು. ಒಂದು ಸಲವೂ ಕರೆಯಲಿಲ್ಲ. ನಾಲ್ಕು ಜನರೆದುರು ಗಂಡನ ದೊಡ್ಡಸ್ತಿಕೆಗೆ ಅಡ್ಡ ಬರುವವರಲ್ಲ ಅವರು.

ಎಲ್ಲರದ್ದೂ ಮುಗಿದ ಮೇಲೆ ಮುನಿರಾಜಣ್ಣ ಮೈಕು ಹಿಡಿದರು. ಟ್ರ್ಯಾಕ್ ಶುರುವಾಯಿತು. ಸ್ಕ್ರೀನಿನ ಮೇಲೆ ಅಕ್ಷರಗಳು ಬಣ್ಣ ಬದಲಿಸಿಕೊಂಡು ಓಡತೊಡಗಿದವು. ಅವರ ತುಟಿ ಆಡುತ್ತಿತ್ತು. ಕತ್ತಿನ ನರ ಉಬ್ಬಿತ್ತು. ದನಿ ಮಾತ್ರ ಇಲ್ಲ.

ಮೈಕು ಕೆಟ್ಟಿದೆ ಎಂದುಕೊಂಡ ಅನ್ವರ್ ಓಡಿಬಂದು ಅದನ್ನು ತಟ್ಟಿ ನೋಡಿದ. ಬೇರೆ ಮೈಕು ತಂದುಕೊಟ್ಟ. 'ಸಾರಿ ಅಂಕಲ್, ಮೊದ್ಲಿಂದ ಹಾಕ್ತೀನಿ' ಎಂದು ಟ್ರ್ಯಾಕನ್ನು ಮತ್ತೆ ಶುರು ಮಾಡಿದ. ಮುನಿರಾಜಣ್ಣ ಬೇಡ ಎನ್ನಲಿಲ್ಲ. ಎರಡನೇ ಸಲವೂ ಹಾಡನ್ನು ಪೂರ್ತಿ, ಒಂದು ಪದ ಬಿಡದೆ, ತುಟಿಯಲ್ಲೇ ಹಾಡಿದರು. ಸರೋಜಕ್ಕ ಆ ತುಟಿಗಳನ್ನೇ ನೋಡುತ್ತಿದ್ದರು. ಅವರಿಗೆ ಕೇಳಿಸುತ್ತಿತ್ತೇನೋ.

ಏನೋ ಆಗಿದೆ ಎಂದು ಉಳಿದವರಿಗೂ ಗೊತ್ತಾಯಿತು. ಅಸ್ಸಾಮಿನ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸರೋಜಕ್ಕ ಬೇಡವೆಂದಿದ್ದು ಆ ಚಪ್ಪಾಳೆಯನ್ನೇ. ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಟಾಸ್ ಗೆದ್ದವರು ಯಾರೆಂದು ಬಂತು. ನಾವು ಎದ್ದೆವು.

ಯಾರನ್ನು ಬೈಯಲಿ? ಅನ್ವರ್ ನ್ಯಾಯವಾಗಿಯೇ ನಡೆದುಕೊಂಡ. ರೆಗ್ಯುಲರ್‌ಗಳು ತಮ್ಮ ಸರದಿಯಲ್ಲಷ್ಟೇ ಹಾಡಿದರು. ಹೊಸಬರು ಯಾರದ್ದನ್ನೂ ಕಿತ್ತುಕೊಳ್ಳಲಿಲ್ಲ. ಬಾರಿನ ರೂಲಿನಲ್ಲಿ ಹೊಸಬರಿಗೆ ಆಮೇಲೆ. ಭಜನೆಯ ರೂಲಿನಲ್ಲಿ ಮನೆಯವರಿಗೆ ಆಮೇಲೆ. ಎರಡೂ ಒಳ್ಳೆಯ ರೂಲುಗಳೇ. ಆದರೆ ನಮ್ಮ ದೇವನಹಳ್ಳಿಯಲ್ಲಿ ಈಗ ಮನೆಯವರೂ ಅವರೇ, ಹೊಸಬರೂ ಅವರೇ ಆಗಿರುವ ಜನ ಬೀದಿಗೆ ನಾಲ್ಕು ಮಂದಿ ಇದ್ದಾರೆ. ಅವರ ಸರದಿ ಯಾವ ರೌಂಡಿನಲ್ಲಿ ಬರಬೇಕು? (ಹೋದ ವಾರ ಅಂಕಣ ಬರಲಿಲ್ಲವೇಕೆ ಎಂದು ಕೇಳಿದವರಿಗೆ ಕಾರಣ ಈಗ ಗೊತ್ತಾಗಿರಬೇಕು. ಬರೆಯಲು ಕೂತರೆ ಆ ತುಟಿಗಳೇ ಕಣ್ಣ ಮುಂದೆ ಬರುತ್ತಿದ್ದವು.)

ಬುಧವಾರ ಆಪರೇಷನ್ ಆಯಿತು. ಮುನಿರಾಜಣ್ಣ ಹುಷಾರಾಗುತ್ತಿದ್ದಾರೆ. ಮೊನ್ನೆ ನೋಡಲು ಹೋದಾಗ ಕತ್ತಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದರು. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಊಟ ಆಯ್ತಾ ಎಂದು ಕೇಳಿದರು.

ಸರೋಜಕ್ಕ ನನ್ನನ್ನು ಹಿತ್ತಲಿಗೆ ಕರೆದು ಫೋನು ತೆಗೆದರು. ಅವತ್ತು ಮೊದಲ ಸಲ ಹೆಸರು ಕರೆದಾಗ ಒತ್ತಿದ ಬಟನ್ನು, ಆಫ್ ಮಾಡಲು ಮರೆತಿದ್ದರು. ಎಲ್ಲವೂ ಅದರಲ್ಲಿದೆ. ಅಸ್ಸಾಮಿನ ಹಾಡು, ತಮಿಳಿನ ಹಾಡು, ತಟ್ಟೆ ಲೋಟದ ಸದ್ದು, ಕೊನೆಗೆ ಹಾಡುವವರಿಲ್ಲದ ಆ ಟ್ರ್ಯಾಕು, ಎರಡು ಸಲ. ಅವರು ಅದ್ಯಾವುದನ್ನೂ ಕೇಳಿಸಲಿಲ್ಲ. ಶುರುವಿನಲ್ಲಿ ಮೈಕಿನಿಂದ ಸ್ಪಷ್ಟವಾಗಿ ಸಿಕ್ಕಿದ ಒಂದು ತುಣುಕನ್ನಷ್ಟೇ ಹಾಕಿ, ಫೋನನ್ನು ನನ್ನ ಕಿವಿಗೆ ಹಿಡಿದರು. ಗಂಡನ ದನಿ ಕೇಳಬೇಕೆನಿಸಿದಾಗೆಲ್ಲ ಸರೋಜಕ್ಕನಿಗೆ ಇನ್ನು ಇರುವುದು ಅದೊಂದೇ:

'ಮೊದ್ಲು ಅವ್ರು ಹಾಡ್ಲಿ ಬಿಡಪ್ಪ.'